ಮೊಮ್ಮಕ್ಕಳೊಡನೆ ಬಸ್ತಿಹಳ್ಳಿಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತಷ್ಟೆ. ಅದನ್ನು ನೋಡಬಂದವರಲ್ಲಿ ಬಹುಮಂದಿ ಕಾಲ್ನಡಿಗೆಯ ದೂರದಲ್ಲಿರುವ ಬಸ್ತಿಹಳ್ಳಿಯ ಜಿನಾಲಯಗಳನ್ನು ನೋಡದೆಯೇ ಹಿಂದಿರುಗುತ್ತಾರೆ. ಅಲ್ಲಿ ಒಂದೇ ಆವರಣದೊಳಗೆ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳುಂಟು. ಇವನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಅಪೇಕ್ಷೆ. ಕಳೆದ ಬೇಸಗೆಯಲ್ಲಿ ದೆಹಲಿಗೆ ಹೋಗಿದ್ದ ನಾನೂ ನಮ್ಮ ಮನೆಯವರೂ ಮಗಳನ್ನೂ ಅವಳ ಇಬ್ಬರು ಮಕ್ಕಳನ್ನೂ ಕರೆದುಕೊಂಡು ವಿಮಾನದಲ್ಲಿ ಹೊರಟೆವು.

ಮೊಮ್ಮಗನಿಗೆ ನಾಲ್ಕು ವರ್ಷ, ಮೊಮ್ಮಗಳಿಗೆ ಎಂಟು. ಹುಡುಗಿಗೆ ಆರನೆಯ ವಯಸ್ಸಿನಿಂದ ಮಧುಮೇಹವುಂಟು. ಇದನ್ನು ಕೇಳಿದ ಕೂಡಲೇ ಬಂಧುಗಳು, "ಮಗುವಿಗೆ ಅಷ್ಟೊಂದು ಸಿಹಿ ತಿನ್ನಿಸಿದಿರೇ?" ಎಂದು ಅವಳ ತಾಯಿಯನ್ನೇ ನಿಂದಿಸುವಂತೆ ಕೇಳುವುದುಂಟು. ಸುಶ್ರುತನೇ ಪ್ರಮೇಹರೋಗದಲ್ಲಿ ಹುಟ್ಟಿನೊಡನೆ ಬಂದುದು ಒಂದು, ಅಪಥ್ಯದಿಂದ ಬಂದುದು ಒಂದು ಎಂದು ಎರಡು ಬಗೆ ಮಾಡಿ, ಮೊದಲನೆಯದರಲ್ಲಿ ರೋಗಿಯು ಕೃಶನಾಗಿರುವನೆಂದು ಹೇಳಿರುವನು. ಈಗಿನ ವೈದ್ಯರ ವಿಂಗಡಣೆಯು ಅದೇ ಅಲ್ಲ. ಮಕ್ಕಳ ಈ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೇದೋಜೀರಕದೊಳಗೆ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡುತ್ತದೆಯೆಂದು ಅವರು ಕಂಡುಕೊಂಡಿರುವರು. ಸಿಹಿಯ ಅಪರಾಧವೇನೂ ಇಲ್ಲ. 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್ ಮೊದಲಾದವರು ಇನ್ಸುಲಿನನ್ನು ಬೇರ್ಪಡಿಸುವುದಕ್ಕೆ ಮೊದಲು ಇಂತಹ ಮಗು ಹೆಚ್ಚುಕಾಲ ಬದುಕುತ್ತಿರಲಿಲ್ಲ. ನಮ್ಮ ಹುಡುಗಿ ವಿಮಾನದ ಕಿಟಕಿಯ ಪಕ್ಕದ ಜಾಗಕ್ಕೆ ತಮ್ಮನೊಡನೆ ಜಗಳವಾಡುತ್ತಿದ್ದಳು.

ಹೊರಡುವ ಮುನ್ನ ಮಗಳು ಮಾಡಿದ ಸಿದ್ಧತೆಯನ್ನು ವಾಚಕರಿಗೆ ತಿಳಿಸಬೇಕು. ಔಷಧ, ಸೂಜಿಗಳು, ರಕ್ತದ ಸಕ್ಕರೆಯನ್ನು ಅಳೆಯುವ ಯಂತ್ರ, ಅದರ ಪಟ್ಟಿಗಳು, ಗ್ಲೂಕೋಸ್ ಪುಡಿ, ಇವೆಲ್ಲವನ್ನೂ ಬೇಕಾದುದರ ಎರಡರಷ್ಟು ತೆಗೆದುಕೊಂಡು ಎರಡು ಕೈಚೀಲಗಳಲ್ಲಿ ಹಂಚಿದಳು. ಒಂದು ಅವಳ ಬಳಿ, ಇನ್ನೊಂದು ಅಜ್ಜಿಯ ಬಳಿ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಒಂದು ಸೂಜಿಯನ್ನೂ ಇಡಲಿಲ್ಲ. ಪೆಟ್ಟಿಗೆ ಕಳೆದುಹೋಗಬಹುದು. ಅಲ್ಲಿಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಲೂಬಹುದು, ಒಮ್ಮೆ ಹೆಪ್ಪುಗಟ್ಟಿದುದು ಕರಗಿದರೂ ಉಪಯೋಗಕ್ಕೆ ಬಾರದು. ಸೆಕೆಯಿಂದಲೂ ಅದು ಕೆಡುವುದಾದ ಕಾರಣ, ನೀರಿನಲ್ಲಿ ನೆನೆಸಿದರೆ ತಂಪಾಗಿರುವ ಒಂದು ಬಟ್ಟೆಯ ಚೀಲದೊಳಗೆ ಅದನ್ನು ಇಟ್ಟಿದ್ದಳು. ನಮ್ಮ ಮಣ್ಣಿನ ಹೂಜಿಯ ತತ್ತ್ವವೇ ಅದು. ತಪಾಸಣೆಯವರು ಸೂಜಿಗಳನ್ನು ಕಂಡು ಪ್ರಶ್ನಿಸಿದರು. ವೈದ್ಯರ ಪತ್ರವನ್ನು ಓದಿ ಬಿಟ್ಟರು. ಮೊಮ್ಮಗನ ಆಟದ ಪಿಸ್ತೂಲನ್ನು ಮಾತ್ರ ಬಿಡಲಿಲ್ಲ! ಅಕ್ಕನ ಸೂಜಿಗಳು ಹೋಗಬಹುದಾದರೆ ತನ್ನ ಪಿಸ್ತೂಲು ಯಾಕೆ ಹೋಗಬಾರದೆಂದು ಅವನು ಬಹಳ ಹೊತ್ತು ಅತ್ತನು.

ಆಕಾಶದಲ್ಲಿ ಊಟದ ಗಾಡಿಯು ನಮ್ಮ ಸಾಲಿನ ಹತ್ತಿರ ಬಂದಾಗ ನಮ್ಮ ಮನೆಯವರು, "ಈಗಲೇ ಚುಚ್ಚಿಬಿಡೇ, ಹೊತ್ತಾಗುತ್ತೆ" ಎಂದರು. ಮಗಳು, "ತಟ್ಟೆ ಎದುರಿಗೆ ಬರಲಿ, ಅಮ್ಮ" ಎಂದಳು. ಅಷ್ಟರಲ್ಲಿ ವಿಮಾನವು ಕುಲುಕತೊಡಗಿ, ಗಾಡಿಯು ಹಿಂದಕ್ಕೆ ಹೋಗಿ, ಊಟವು ಅರ್ಧ ಗಂಟೆ ತಡವಾಯಿತು. ಮೊದಲೇ ಚುಚ್ಚಿದ್ದರೆ ಅನ್ನವಿಲ್ಲದ ಹೊಟ್ಟೆಯಲ್ಲಿ ಔಷಧವು ತನ್ನ ಕೆಲಸವನ್ನು ನಡೆಸಿ ಸಕ್ಕರೆಯನ್ನು ತೀರ ಇಳಿಸುತ್ತಿತ್ತು. ನಮ್ಮ ಮನೆಯವರು ಆಮೇಲೆ ಬೆಂಗಳೂರಿನವರೆಗೆ ಮಾತನಾಡಲಿಲ್ಲ.

ಬೆಂಗಳೂರಿನಿಂದ ರೈಲಿನಲ್ಲಿ ಅರಸೀಕೆರೆಗೆ ಬಂದು ಬಂಧುಗಳಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಆಯಾಸದಿಂದ ಅಲ್ಲಿಯೇ ಉಳಿದರು. ಉಳಿದವರು ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ತೆಂಗಿನ ತೋಟಗಳನ್ನು ದಾಟಿ ಕಾರಿನಲ್ಲಿ ಬಸ್ತಿಹಳ್ಳಿಯನ್ನು ಸೇರಿದೆವು. ಮಗಳ ಚೀಲವನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಅದು ತೊಗಲಿನದು. ಜಿನಾಲಯದೊಳಕ್ಕೆ ತೊಗಲನ್ನು ಒಯ್ಯಬಾರದೆಂದು ನಾನು ಯಾರನ್ನೂ ಕೇಳದೆ ಅದನ್ನು ಕಾರಿನಲ್ಲಿಯೇ ಬಿಟ್ಟೆನು. ಕಾರಿನವನು ನಮ್ಮನ್ನು ಇಳಿಸಿ ಹಳೇಬೀಡಿನ ಕಡೆಗೆ ಹೊರಟುಹೋದನು.

ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದವು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ತಲುಪಿದಾಗ ಅವನಿಗೆ ಯುದ್ಧದಲ್ಲಿ ಜಯವೂ ಪುತ್ರಜನನವೂ ಆಗಿದ್ದುದರಿಂದ ವಿಜಯಪಾರ್ಶ್ವನೆಂದು ದೇವರಿಗೆ ಹೆಸರಾಯಿತು. ನವರಂಗದ ಕಂಬಗಳ ನುಣುಪನ್ನು ವರ್ಣಿಸುವುದು ಕಷ್ಟ. ಎದುರಿಗೆ ನಿಂತವರ ಮುಖವು ಕರಿಗಲ್ಲಿನಲ್ಲಿ ಮೂಡುತ್ತದೆ. ನಾನು ಇದನ್ನೇ ವಿವರಿಸುತ್ತಿದ್ದೆನು. ಹುಡುಗಿ ಕಂಬದಲ್ಲಿ ತನ್ನ ಮುಖವನ್ನು ನೋಡುತ್ತ, "ತಾತ, ನಾನು ಅಲ್ಲಾಡ್ತಿದೀನಿ" ಎಂದಳು. ಕಲ್ಲಿನ ಚಮತ್ಕಾರವೆಂದು ನಾನು ನಕ್ಕೆನು. ತಾಯಿಯು ಓಡಿಬಂದು ಕೈಹಿಡಿದು ನೋಡಿದರೆ ಕೈ ನಡುಗುತ್ತಿತ್ತು, ಹಣೆಯಲ್ಲಿ ತಣ್ಣನೆಯ ಬೆವರು. ಬೆಳಿಗ್ಗೆ ಮೂರು ಇಡ್ಡಲಿಗೆ ಲೆಕ್ಕಹಾಕಿ ಔಷಧ ಕೊಟ್ಟಿದ್ದರೆ, ಅವಳು ಒಂದನ್ನು ತಿಂದು ಉಳಿದುದನ್ನು ಗುಟ್ಟಾಗಿ ತಮ್ಮನ ತಟ್ಟೆಗೆ ಹಾಕಿದ್ದಳೆಂದು ಆಮೇಲೆ ತಿಳಿಯಿತು.

ಅಳೆಯುವ ಯಂತ್ರವೂ ಗ್ಲೂಕೋಸೂ ಕಾರಿನಲ್ಲಿ! "ಅಳೆಯೋದು ಆಮೇಲಾಗಲಿ, ಮೊದಲು ಸಕ್ಕರೆ ಬೇಕು ಅಪ್ಪ" ಎಂದಳು ಮಗಳು. ಅರವತ್ತರ ಈ ಕಾಲುಗಳು ಅಂದು ಓಡಿದಂತೆ ಎಂದೂ ಓಡಿಲ್ಲ. ಹತ್ತಿರದ ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಹೆಂಗಸು ನನ್ನ ಮಾತು ಮುಗಿಯುವುದಕ್ಕೆ ಮುಂಚೆಯೇ ಒಳಗೆ ಹೋಗಿ ಬೆಲ್ಲವನ್ನೂ ತಂಬಿಗೆ ನೀರನ್ನೂ ತಂದಳು. "ಬಿಸಿಲಾಗೆ ಬಂದೋರಿಗೆ ಬೆಲ್ಲ ನೀರು ಕೊಡೋದು ಇದ್ದದ್ದೇ ಸ್ವಾಮಿ" ಎನ್ನುತ್ತ ನನಗಿಂತ ಮುಂದಾಗಿ ನಡೆದಳು. ಎಚ್ಚರವಿದ್ದ ಮಗುವಿಗೆ ಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದರು. ಕಾಲುಗಂಟೆಯೊಳಗೆ ನಡುಕ ನಿಂತಿತು. ಕಾರು ಬಂದ ಮೇಲೆ ಅಳೆದಾಗ 92 ಇತ್ತು. 70ಕ್ಕಿಂತ ಕೆಳಗಿಳಿದರೆ ಅಪಾಯವಂತೆ. ಮತ್ತೆ ಇಳಿಯದಿರಲೆಂದು ಎರಡು ಬಿಸ್ಕತ್ತು ತಿನ್ನಿಸಿದರು.

ಬಿಸಿಲಿನಲ್ಲಿ ಮುಚ್ಚಿ ನಿಂತ ಕಾರಿನೊಳಗೆ ಚೀಲವು ಕಾದಿತ್ತು. ಆ ಔಷಧವನ್ನು ನಂಬಲಾಗದೆಂದು ಮಗಳು ಬೇರೆಯಿಟ್ಟಳು. ಮಧ್ಯಾಹ್ನದ ಊಟಕ್ಕೆ ಅರಸೀಕೆರೆಗೇ ಹಿಂದಿರುಗಿ ಅಜ್ಜಿಯ ಚೀಲದ ಔಷಧವನ್ನು ಕೊಡುವುದೆಂದು ನಿಶ್ಚಯವಾಯಿತು. ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಸಮಾಧಾನವಾಗುತ್ತಿತ್ತು.

ಹೊರಡುವ ಮುನ್ನ ಹುಡುಗಿ ಹಟಮಾಡಿ ಮತ್ತೊಮ್ಮೆ ಕಂಬದ ಮುಂದೆ ನಿಂತು, "ಈಗ ಅಲ್ಲಾಡ್ತಿಲ್ಲ, ತಾತ" ಎಂದಳು. ಗ್ಲೂಕೋಸಿನ ಪೊಟ್ಟಣವು ನನ್ನ ಜುಬ್ಬದ ಜೇಬಿನಲ್ಲಿತ್ತು. ಮೊಮ್ಮಗನು ತನಗೂ ಬೆಲ್ಲ ಬೇಕೆಂದು ಆ ಮನೆಯ ಜಗಲಿಯನ್ನು ಆಗಲೇ ಹತ್ತಿದ್ದನು.