ನೆಲ ನೋಡಿ ನಡೆಯುವ ಭಾನುವಾರ

ವಾರದ ಆರು ದಿನ ನಾಲ್ಕು ಗೋಡೆಗಳ ನಡುವೆ ದುಡಿಯುವ ನಗರವಾಸಿಗೆ ಏಳನೆಯ ದಿನ ಬಯಲು ಬೇಕೆನಿಸುವುದು ಸಹಜ. ನಮ್ಮ ಬಾಲ್ಯದಲ್ಲಿ ಈ ಬಯಕೆಗೆ ಯಾತ್ರೆಯೆಂಬ ಹೆಸರಿತ್ತು. ಕ್ರಿ.ಶ. 634ರಲ್ಲಿ ರವಿಕೀರ್ತಿಯು ಕಟ್ಟಿಸಿದ ಐಹೊಳೆಯ ಮೇಗುತಿ ಜಿನಾಲಯಕ್ಕೂ ಬಾದಾಮಿಯ ನಾಲ್ಕನೆಯ ಗುಹೆಗೂ ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ಇಂದಿನ ತರುಣರು ಅದೇ ಬಾದಾಮಿಯ ಕೆಂಪು ಬಂಡೆಗಳನ್ನು ಹಗ್ಗ ಬಿಗಿದುಕೊಂಡು ಏರುತ್ತಾರೆ. ಮೋಟಾರು ಸೈಕಲ್ಲಿನಲ್ಲಿ ಆಲಮಟ್ಟಿಗೆ ಹೋಗಿ ಬರುತ್ತಾರೆ. ನಸುಕಿನಲ್ಲಿ ಸೈಕಲ್ ತುಳಿದು ಭೂತನಾಳ ಕೆರೆಯ ದಂಡೆ ಸೇರುತ್ತಾರೆ. ಇದೆಲ್ಲ ಶ್ರಾವಕನಿಗೆ ಸಲ್ಲುವ ನಡತೆಯೇ ಎಂಬ ಪ್ರಶ್ನೆ ನಮ್ಮ ಜಲನಗರದ ಮನೆಯಲ್ಲಿಯೂ ಹಲವು ಸಲ ಎದ್ದಿದೆ.

ನನ್ನ ಉತ್ತರ ಬಹುಕಾಲ ಸಿದ್ಧವಾಗಿಯೇ ಇತ್ತು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ವಿವರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಎಬ್ಬಿಸುವುದು, ಗಿಡ ಕತ್ತರಿಸುವುದು ಇವುಗಳ ಸಾಲಿನಲ್ಲಿಯೇ ವ್ಯರ್ಥವಾಗಿ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಅವರು ಸೇರಿಸಿದ್ದಾರೆ. ಮೊಮ್ಮಗಳು ಬಯಲಿಗೆ ಹೋಗೋಣವೆಂದಾಗಲೆಲ್ಲ ನಾನು ಈ ಮಾತನ್ನು ಮುಂದಿಟ್ಟು ಅವಳನ್ನು ಸುಮ್ಮನಾಗಿಸುತ್ತಿದ್ದೆ. ಹಾಗೆ ಸುಮ್ಮನಾದ ಹುಡುಗಿ ಭಾನುವಾರವನ್ನೆಲ್ಲ ದೂರದರ್ಶನದ ಮುಂದೆ ಕಳೆಯುತ್ತಿದ್ದಳು. ಅದು ವ್ಯರ್ಥವೇ ಅಲ್ಲವೇ ಎಂದು ನಾನು ಕೇಳಿಕೊಳ್ಳಲಿಲ್ಲ.

ಕೆಲವು ವರ್ಷಗಳ ಹಿಂದೆ, ಚೈತ್ರ ಮಾಸದಲ್ಲಿ, ಮಹಾವೀರ ಜಯಂತಿಗೆ ಮುಂಚಿನ ಭಾನುವಾರ ಅವಳ ಹಟಕ್ಕೆ ಮಣಿದೆ. ಹೋಗುವುದಾದರೆ ಧರ್ಮದ ರೀತಿಯಲ್ಲಿಯೇ ಹೋಗಬೇಕೆಂದು ನಿಶ್ಚಯಿಸಿ, ಓಣಿಯ ಇನ್ನೂ ಆರೇಳು ಮಕ್ಕಳನ್ನು ಸೇರಿಸಿಕೊಂಡೆ. ಬೆಳಗಿನಲ್ಲಿ ದರ್ಗಾ ಪ್ರದೇಶದ ಸಹಸ್ರಫಣಿ ಪಾರ್ಶ್ವನಾಥ ಬಸದಿಯ ದರ್ಶನ ಮುಗಿಸಿ, ಬಾಡಿಗೆ ವಾಹನದಲ್ಲಿ ಬಬಲೇಶ್ವರ ತಾಲ್ಲೂಕಿನ ಮಮದಾಪುರಕ್ಕೆ ಹೊರಟೆವು. ಸೋಸಿ ಕಾಯಿಸಿದ ನೀರು, ಖಡಕ್ ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಹಿಂಡಿ ಜೊತೆಗಿದ್ದವು.

ಮಮದಾಪುರದ ಕೆರೆ ಆದಿಲಶಾಹಿ ಕಾಲದ್ದು. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲಶಹನ ಹೆಸರನ್ನೇ ಆ ಊರು ಹೊತ್ತಿದೆ. ನಗರದ ಬೇಗಂ ತಲಾಬವೂ ಅವನದೇ ನಿರ್ಮಾಣ. ನಮ್ಮ ಬರದ ನಾಡಿನಲ್ಲಿ ನೀರು ಹಿಡಿದಿಡುವುದೇ ದೊಡ್ಡ ಪುಣ್ಯಕಾರ್ಯವಾಗಿತ್ತೆಂಬುದಕ್ಕೆ ಇವು ಸಾಕ್ಷಿ. ಈಚೆಗೆ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಜಿಲ್ಲೆಯ ಕೆರೆಗಳಿಗೆ ಹರಿದು ಬಂದಿದೆ. 2016ರಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನದಿಂದ ಬೋಳು ದಿಣ್ಣೆಗಳ ಮೇಲೆ ಬೇವು, ಹೊಂಗೆಗಳ ನೆರಳು ಮೂಡಿದೆ. ನೀರು, ನೆರಳು ಬಂದ ಕಡೆಗೆ ಹಕ್ಕಿಗಳೂ ಬಂದಿವೆ.

ಕೆರೆಯ ಸಮೀಪದ ಕಲ್ಲುಗೊರಚಲು ನೆಲದಲ್ಲಿ ನಾನು ಮುಂದೆ, ಮಕ್ಕಳು ಹಿಂದೆ ನಡೆದಿದ್ದೆವು. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯವೆಂಬ ಏಕೇಂದ್ರಿಯ ಜೀವಗಳನ್ನು ಕುರಿತು ನಾನು ಕೈಯೆತ್ತಿ ಉಪದೇಶಿಸುತ್ತಿದ್ದೆ. ಒಂದು ಜೊತೆ ಟಿಟ್ಟಿಭ ಹಕ್ಕಿಗಳು ನಮ್ಮ ತಲೆಯ ಮೇಲೆ ಚೀರುತ್ತ ಸುತ್ತುತ್ತಿದ್ದವು. ಆ ಕೂಗಿನಿಂದ ನನ್ನ ಮಾತು ಮಕ್ಕಳಿಗೆ ಕೇಳದಾಯಿತೆಂದು ನಾನು ದನಿ ಇನ್ನಷ್ಟು ಏರಿಸಿದೆ. ಮರುಕ್ಷಣ ಬಲಗಾಲ ಕೆಳಗೆ ಏನೋ ಮೆತ್ತಗೆ ಒಡೆಯಿತು.

ಟಿಟ್ಟಿಭ ಗೂಡು ಹೆಣೆಯುವುದಿಲ್ಲ. ಬರಿ ನೆಲದಲ್ಲಿ ಸಣ್ಣ ಕುಳಿ ಮಾಡಿ, ಸುತ್ತ ಹರಳುಗಳನ್ನಿಟ್ಟು, ಮಣ್ಣಿನ ಬಣ್ಣದ ಮಚ್ಚೆಯುಳ್ಳ ಮೂರು ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಬೇಸಿಗೆಯೇ ಅದರ ಸಂತಾನಕಾಲ. ಬಿಸಿಲು ಹೆಚ್ಚಾದಾಗ ನೀರಿಗೆ ಹೋಗಿ ಎದೆಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಗೊಳಿಸುತ್ತದೆ. ಇವೆಲ್ಲ ನಾನು ಆಮೇಲೆ ಓದಿ ತಿಳಿದವು. ಅಂದು ಕಂಡದ್ದು ಇಷ್ಟೇ: ನಾಲ್ಕರಲ್ಲಿ ಒಂದು ನನ್ನ ಪಾದದಡಿ ಹೋಗಿತ್ತು, ಮೂರು ಉಳಿದಿದ್ದವು.

“ಅಜ್ಜಾ, ನೀವು ನೆಲಾ ನೋಡಲಿಲ್ಲೇನ್ರಿ?” ಎಂದಳು ಮೊಮ್ಮಗಳು. ಆಕ್ಷೇಪದ ದನಿಯಲ್ಲ, ನಿಜವಾಗಿಯೂ ತಿಳಿಯಬೇಕೆಂಬ ದನಿ. ನನ್ನಲ್ಲಿ ಉತ್ತರವಿರಲಿಲ್ಲ. ನಾವು ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಿ ದೂರ ನಿಂತೆವು. ಬಹಳ ಹೊತ್ತಾದ ಮೇಲೆ ಒಂದು ಹಕ್ಕಿ ಇಳಿದು ಬಂದು ಉಳಿದ ಮೊಟ್ಟೆಗಳ ಮೇಲೆ ಕುಳಿತಿತು. ಬುತ್ತಿ ಬಿಚ್ಚದೆ ಮನೆಗೆ ಮರಳಿದೆವು.

“ಇದಕ್ಕೇ ಹಿರಿಯರು ಮನೆಯಲ್ಲಿರಿ ಅಂದದ್ದು, ಮಾವನವರೇ” ಎಂದು ಸೊಸೆ ನೊಂದು ನುಡಿದಳು. ಆಕೆಯ ಮಾತನ್ನು ಅಲ್ಲಗಳೆಯುವ ಅಧಿಕಾರ ನನಗಿರಲಿಲ್ಲ. ಆದರೆ ಅಂದು ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ, ನನ್ನ ದೋಷಕ್ಕೆ ಸರಿಯಾದ ಹೆಸರೇನೆಂದು ಹುಡುಕಬೇಕಾಯಿತು. ಹೊರಗೆ ಹೋದದ್ದೇ ದೋಷವೆನ್ನೋಣವೆಂದರೆ, ನಮ್ಮ ಮುನಿಗಳು ಜೀವನವಿಡೀ ನಡೆಯುತ್ತಾರೆ. ಅವರು ನಿಲ್ಲುವುದು ಚಾತುರ್ಮಾಸದಲ್ಲಿ. ಮಳೆಗೆ ನೆಲವೆಲ್ಲ ಜೀವರಾಶಿಯಿಂದ ತುಂಬುತ್ತದೆಯೆಂಬ ಕಾರಣಕ್ಕೆ. ಉಳಿದ ಕಾಲದಲ್ಲಿ ಈರ್ಯಾಸಮಿತಿಯಂತೆ ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಮೌನವಾಗಿ ವಿಹರಿಸುತ್ತಾರೆ. ಶಾಸ್ತ್ರವು ನಡಿಗೆಯನ್ನು ನಿಷೇಧಿಸಿಲ್ಲ; ಹೇಗೆ, ಎಂದು, ಎಲ್ಲಿ ನಡೆಯಬೇಕೆಂಬುದನ್ನು ನಿಯಮಿಸಿದೆ.

ತತ್ತ್ವಾರ್ಥಸೂತ್ರವು ಅನರ್ಥದಂಡವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಎರಡು ನನ್ನವಾಗಿದ್ದವು. ಒಂದು ಮೌಖರ್ಯ, ಅಂದರೆ ಅತಿಮಾತು. ಇನ್ನೊಂದು ಅಸಮೀಕ್ಷ್ಯಾಧಿಕರಣ, ಅಂದರೆ ವಿಚಾರಿಸದೆ ಕಾರ್ಯಕ್ಕೆ ತೊಡಗುವುದು. ಅದು ಮೊಟ್ಟೆಯಿಡುವ ಕಾಲವೆಂದು ನಾನು ವಿಚಾರಿಸಿರಲಿಲ್ಲ. ತಾಯಿ ತಂದೆ ಹಕ್ಕಿಗಳು ತಲೆಯ ಮೇಲೆ ಕೂಗಿ ಕೂಗಿ ಹೇಳುತ್ತಿದ್ದುದು ನನ್ನ ಅಹಿಂಸೆಯ ಉಪನ್ಯಾಸಕ್ಕೆ ಅಡ್ಡಿಯೆಂದು ಭಾವಿಸಿದ್ದೆ. ಗ್ರಂಥದಲ್ಲಿ ಐವತ್ತು ವರ್ಷ ಓದಿದ್ದ ಈರ್ಯಾಸಮಿತಿ ನನ್ನ ಕಾಲಿಗೆ ಇಳಿದಿರಲಿಲ್ಲವೆಂಬುದು ಮನೆಯಲ್ಲಿಯೇ ಕುಳಿತಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ಹಾಗೆಂದು ಆ ಜೀವದ ಹಾನಿಗೆ ನನ್ನ ತಿಳಿವಳಿಕೆ ಬೆಲೆಯಾಗಲಾರದು.

ಮುಂದಿನ ವಾರ ಮೊಮ್ಮಗಳು ಆ ಮೂರು ಮೊಟ್ಟೆಗಳನ್ನು ನೋಡಿ ಬರೋಣವೆಂದಳು. ನನಗೂ ಆಸೆಯಿತ್ತು. ಆದರೆ ನಮ್ಮ ಸಮಾಧಾನಕ್ಕಾಗಿ ಆ ಹಕ್ಕಿಯನ್ನು ಮತ್ತೊಮ್ಮೆ ಎಬ್ಬಿಸುವುದು ಬೇಡವೆಂದು ಇಬ್ಬರೂ ಒಪ್ಪಿದೆವು. ಮತ್ತೆ ಮಮದಾಪುರಕ್ಕೆ ಹೋದದ್ದು ದೀಪಾವಳಿ ಕಳೆದ ಮೇಲೆಯೇ.

ಈಗ ನಾವು ಆಗಾಗ ಹೋಗುತ್ತೇವೆ, ಕೆಲವು ನಿಯಮಗಳೊಡನೆ. ಬೇಸಿಗೆಯಲ್ಲಿಯೂ ಮಳೆಗಾಲದಲ್ಲಿಯೂ ಕಾಲುದಾರಿ ಬಿಟ್ಟು ಇಳಿಯುವುದಿಲ್ಲ. ಹೋಗುವ ದೂರವನ್ನು ಹಿಂದಿನ ದಿನವೇ ದೇಶವ್ರತದಂತೆ ಗೊತ್ತುಮಾಡಿ, ಅದನ್ನು ಮೀರುವುದಿಲ್ಲ. ಒಲೆ ಹೂಡುವುದಿಲ್ಲ, ಹಾಡಿನ ಪೆಟ್ಟಿಗೆ ಒಯ್ಯುವುದಿಲ್ಲ, ಪ್ಲಾಸ್ಟಿಕ್ ಬಿಟ್ಟು ಬರುವುದಿಲ್ಲ. ಸೂರ್ಯಾಸ್ತಕ್ಕೆ ಮುಂಚೆ ಮನೆಯಲ್ಲಿ ಊಟ. ನಡೆಯುವಾಗ ಮಾತಿಲ್ಲ, ಮಾತಾಡಬೇಕೆನಿಸಿದರೆ ನಿಂತು ಆಡಬೇಕು. ಸಾಲಿನ ಮುಂದೆ ಈಗ ಮೊಮ್ಮಗಳಿರುತ್ತಾಳೆ. ಹಕ್ಕಿ ಕೂಗಿದೊಡನೆ ಆಕೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸುತ್ತಾಳೆ. ಮೊದಮೊದಲು ಬೇಸರಿಸಿದ ಮಕ್ಕಳು ಈಗ ಇರುವೆಯ ಸಾಲನ್ನು ನನಗಿಂತ ಮೊದಲೇ ಕಂಡು ದಾಟುತ್ತಾರೆ.

ಬಸದಿಗಳ ವಿಶ್ವಸ್ಥ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ನಾವು ಪಾಠಶಾಲೆಗಳಲ್ಲಿ ಸಮಿತಿ, ಗುಪ್ತಿಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಅದು ಅವಶ್ಯಕ. ಅದರೊಡನೆ, ಕಾರ್ತಿಕದಿಂದ ಮಾಘದವರೆಗಿನ ತಂಪು ತಿಂಗಳುಗಳಲ್ಲಿ ಒಂದೆರಡು ಭಾನುವಾರ ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ವ್ಯವಸ್ಥೆಯಾಗಲಿ. ಖರ್ಚು ದೊಡ್ಡದಲ್ಲ. ಜೊತೆಗೆ ಹೋಗುವ ಹಿರಿಯರು ಮಾತು ಕಡಿಮೆ ಮಾಡಿ, ಮಕ್ಕಳಂತೆಯೇ ನೆಲ ನೋಡಿ ನಡೆಯಲಿ. ನಾನು ಅದನ್ನು ಕಲಿಯಲು ತಡಮಾಡಿದೆ. ನಮ್ಮ ಮಕ್ಕಳಿಗೆ ಅಷ್ಟು ತಡವಾಗುವುದು ಬೇಡ.