ಹಟ್ಟಿಯೊಳಗಿನ ಮಾರುತಿ

ಹಳೆಯ ಕಾರು ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ, ಕಿವಿಗೊಟ್ಟು ಕೇಳಿ, ಸೈಲೆನ್ಸರಿನ ಹೊಗೆ ಯಾವ ಬಣ್ಣದ್ದೆಂದು ನೋಡಿ ತಲೆದೂಗುತ್ತಾರೆ. ಘಟ್ಟದ ಮೇಲಿನವರಿಗೆ ಅದು ಸರಿ. ಕಾಪು, ಉಡುಪಿ, ಕಾರ್ಕಳದ ಕಡೆ ಮೊದಲು ಎತ್ತಬೇಕಾದ್ದು ಡ್ರೈವರ್ ಕಾಲಡಿಯ ಮ್ಯಾಟನ್ನು. ಮ್ಯಾಟಿನ ಅಡಿಯ ದಪ್ಪ ಹಾಸನ್ನೂ ಮಗುಚಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಮೆಲ್ಲಗೆ ತಟ್ಟಬೇಕು. ಠಣ್ ಎಂದರೆ ಮಾತುಕತೆ ಮುಂದುವರಿಸಬಹುದು. ಬೊದ್ ಎಂದು ಮೆತ್ತಗಿನ ಸದ್ದು ಬಂದರೆ ಎಂಜಿನ್ ಎಷ್ಟೇ ಸೊಗಸಾಗಿ ಓಡುತ್ತಿದ್ದರೂ ಎರಡು ಸಲ ಯೋಚಿಸಬೇಕು. ಎಂಜಿನನ್ನು ಯಾವ ಮೇಸ್ತ್ರಿಯಾದರೂ ಬಿಚ್ಚಿ ಕಟ್ಟಿಕೊಟ್ಟಾನು. ಕೊಳೆತ ತಗಡು ಸದ್ದಿಲ್ಲದೆ ಇಡೀ ಕಾರನ್ನೇ ತಿಂದುಬಿಡುತ್ತದೆ.

ನನ್ನದು 1998ರ ಮಾರುತಿ 800. ಕಾರ್ಕಳದ ಮಾವನ ಮನೆಯಿಂದ ಕಾಪುವಿಗೆ ಬಂದದ್ದು. ನಮ್ಮ ಮನೆಯಲ್ಲಿ ದನ ಸಾಕುವುದು ನಿಂತ ಮೇಲೆ ಹಟ್ಟಿ ಖಾಲಿ ಬಿದ್ದಿತ್ತು. ಈಗ ಕಾರಿನ ವಾಸ ಅಲ್ಲೇ. ಹಂಚಿನ ಮಾಡು, ಮೂರು ಬದಿ ಗಾಳಿ, ನೆಲಕ್ಕೆ ಹಿಂದಿನವರೇ ಕೊಟ್ಟ ಇಳಿಜಾರು. ತೊಳೆದ ನೀರು ಒಂದು ತೊಟ್ಟೂ ನಿಲ್ಲದೆ ಹರಿದು ಹೋಗುತ್ತದೆ. ಎಲ್ಲ ಬದಿಯೂ ಮುಚ್ಚಿದ ಕಾಂಕ್ರೀಟ್ ಶೆಡ್ಡಿಗಿಂತ ಗಾಳಿಯಾಡುವ ಹಟ್ಟಿ ಕಾರಿಗೆ ಒಳ್ಳೆಯದೆಂದು ನನ್ನ ಬಲವಾದ ಅಭಿಪ್ರಾಯ. ಮಳೆಗಾಲದಲ್ಲಿ ಒದ್ದೆ ಕಾರನ್ನು ಮುಚ್ಚಿದ ಕೋಣೆಯಲ್ಲಿಟ್ಟರೆ ತೇವ ಅಲ್ಲೇ ಸುತ್ತುತ್ತಿರುತ್ತದೆ, ಪ್ಲಾಸ್ಟಿಕ್ ಕವರ್ ಹೊದಿಸಿದರೆ ಕೇಳುವುದೇ ಬೇಡ.

ಮಾರುತಿ 800 ಯಾಕೆ ಎಂದು ಕೇಳುವವರಿದ್ದಾರೆ. 1983ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಮೊದಲ ಕಾರಿನ ಕೀಲಿಕೈ ಹಸ್ತಾಂತರವಾದದ್ದು, 2014ರ ಜನವರಿಯಲ್ಲಿ ಉತ್ಪಾದನೆ ನಿಂತದ್ದು. ಈ ಮೂವತ್ತು ವರ್ಷಗಳಲ್ಲಿ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಹಾಗಾಗಿ ಬಿಡಿಭಾಗಕ್ಕೆ ಬರವಿಲ್ಲ; ಹೊಸತು ಸಿಗದಿದ್ದರೆ ಗುಜರಿಯಲ್ಲಿ ಸಿಗುತ್ತದೆ. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಬಾನೆಟ್ ಎತ್ತಿದರೆ ಕೈ ಹಾಕಲು ಜಾಗವಿದೆ, ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಕೂತು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಬೇಕೆ?

ಪ್ರೀಮಿಯರ್ ಪದ್ಮಿನಿಯ ಮೇಲೂ ನನಗೆ ಆಸೆಯಿದೆ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಕಾರು ಬಂದದ್ದು ಮುಂಬಯಿಯ ಹೋಟೆಲ್ ದುಡಿಮೆಯಿಂದ. ರಜೆಗೆ ಊರಿಗೆ ಬಂದವರ ಫಿಯಾಟ್, ಅಂದರೆ ಈ ಪದ್ಮಿನಿ, ಅಂಗಳದಲ್ಲಿ ನಿಂತರೆ ನೆರೆಕರೆಯ ಮಕ್ಕಳೆಲ್ಲ ಅದರ ಸುತ್ತ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿದಾಗ ಇಲ್ಲಿ ಉಡುಪಿಯಲ್ಲೂ ಅನೇಕರಿಗೆ ಮನಸ್ಸು ಭಾರವಾಯಿತು. ಆದರೆ ಪದ್ಮಿನಿಯ ಸಾಮಾನು ಹುಡುಕುವುದಕ್ಕೇ ಕಿಸೆ ಖಾಲಿಯಾಗುತ್ತದೆ. ಬಜೆಟ್ಟಿನಲ್ಲಿ ಬದುಕುವವನಿಗೆ ಮಾರುತಿಯೇ ಸೈ.

ಬಜೆಟ್ಟಿನ ಮಾತು ಬಂತಲ್ಲ, ಉಡುಪಿಯಲ್ಲಿ ಕೂತು ಪಿಗ್ಮಿಯನ್ನು ನೆನೆಯದೆ ಹೇಗೆ? 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಎಂಟು ಸಾವಿರ ರೂಪಾಯಿ ಬಂಡವಾಳ ಹಾಕಿ ಒಂದು ಬ್ಯಾಂಕು ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿ ಶುರುಮಾಡಿದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಎಂಬ ಅಭ್ಯಾಸ ನಮ್ಮ ಪೇಟೆಗಳಲ್ಲಿ ಹಾಗೇ ಉಳಿಯಿತು. ನನ್ನ ಕಾರಿನ ಲೆಕ್ಕವೂ ಪಿಗ್ಮಿಯದೇ. ದಿನಕ್ಕೆ ಐವತ್ತು ರೂಪಾಯಿ ಇಟ್ಟರೆ ವರ್ಷಕ್ಕೆ 18,250. ಅಷ್ಟರಲ್ಲಿ ಏನಾಗುತ್ತದೋ ಅದು ಆ ವರ್ಷದ ಕೆಲಸ, ಉಳಿದದ್ದು ಮುಂದಿನ ವರ್ಷಕ್ಕೆ. ಹಳೆಯ ಕಾರಿಗಾಗಿ ಸಾಲ ಮಾಡಬಾರದು ಎನ್ನುವುದರಲ್ಲಿ ನಾನು ಬಹಳ ಖಡಕ್.

ಆ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು? ನಿಲ್ಲಿಸುವುದಕ್ಕೆ, ಅಂದರೆ ಬ್ರೇಕಿಗೆ ಮತ್ತು ಟಯರಿಗೆ. ಆಮೇಲೆ ತುಕ್ಕಿಗೆ. ಆಮೇಲೆ ಓಡಿಸುವುದಕ್ಕೆ. ಹೊರಗಿನ ಪೇಂಟು, ಸೀಟು ಕವರು ಇವೆಲ್ಲ ದುಡ್ಡು ಮಿಕ್ಕಿದರೆ. ಜನ ಇದನ್ನು ತಿರುಗಾಮುರುಗಾ ಮಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮೇಲೆ ಫಳಫಳ ಪೇಂಟು, ಅಡಿಯಲ್ಲಿ ಬೆರಳು ತೂರುವ ತೂತು.

ತುಕ್ಕಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷದ ಮಳೆ ನಾಲ್ಕು ಸಾವಿರ ಮಿಲಿಮೀಟರ್ ದಾಟುತ್ತದೆ. ಅದರ ಜೊತೆಗೆ ಕಾಪುವಿನಂಥ ಊರಿನಲ್ಲಿ ಕಡಲ ಗಾಳಿಯ ಉಪ್ಪು. ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ತುಕ್ಕಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಎದ್ದ ತುಕ್ಕು ಸ್ಪಂಜಿನಂತೆ ಮತ್ತಷ್ಟು ನೀರು ಕುಡಿಯುತ್ತದೆ. ಹಾಗಿದ್ದರೂ ಮೇಲಿಂದ ಸುರಿಯುವ ಮಳೆಗಿಂತ ಒಳಗೆ ನಿಲ್ಲುವ ನೀರೇ ಕಾರಿಗೆ ಹೆಚ್ಚು ಅಪಾಯ. ವೈಪರಿನ ಬುಡದಲ್ಲಿ, ಬಾಗಿಲುಗಳ ತಳಅಂಚಿನಲ್ಲಿ ನೀರು ಹೊರಹೋಗಲೆಂದು ಸಣ್ಣ ದಾರಿಗಳಿರುತ್ತವೆ. ಕಡಲ ಬದಿಯ ಗಾಳಿಮರದ ಸೂಜಿಯೆಲೆ, ಅಂಗಳದ ಹಲಸಿನ ಎಲೆಯ ಚೂರು, ಕೆಂಪು ಧೂಳು ಸೇರಿ ಅವು ಮುಚ್ಚಿಹೋಗುತ್ತವೆ. ನೀರು ಬಾಗಿಲೊಳಗೇ ನಿಲ್ಲುತ್ತದೆ, ಡ್ಯಾಶ್‌ಬೋರ್ಡಿನ ಅಡಿಯಿಂದ ಮೆಲ್ಲಗೆ ಕಾಲಡಿಗೆ ಇಳಿಯುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಸಾಕು ಈ ದಾರಿಗಳನ್ನು ತೆರೆಯಲು. ಖರ್ಚು ಸೊನ್ನೆ. ಜೂನ್ ಬರುವ ಮುಂಚೆ ಇದೊಂದನ್ನು ಮಾಡಿದರೆ ಕಾರಿನ ಆಯುಸ್ಸಿಗೆ ವರ್ಷಗಳೇ ಕೂಡುತ್ತವೆ ಮಾರಾಯ್ರೇ!

ಆಮೇಲೆ ಬೇಸಗೆಯ ಬಿಸಿಲಿನಲ್ಲಿ ಸೀಟು ಬಿಚ್ಚಿ, ಹಾಸು ತೆಗೆದು, ತಗಡನ್ನು ಸಂಪೂರ್ಣ ಒಣಗಲು ಬಿಡಬೇಕು. ತಂತಿ ಬ್ರಷ್ಷು, ಮರಳು ಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಂಡ ಮೇಲೆ ರೆಡ್ ಆಕ್ಸೈಡು, ಅದು ಒಣಗಿದ ಮೇಲೆ ಇನ್ನೊಂದು ಕೋಟು. ಉಜ್ಜಿದರೂ ಹೋಗದ ಮೂಲೆಗಳಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಸಣ್ಣ ತೂತಿಗೆ ತಗಡಿನ ತುಂಡು ಕೂರಿಸಿ ವೆಲ್ಡಿಂಗ್. ಸೀಟ್‌ಬೆಲ್ಟ್ ಕಟ್ಟುವ ಜಾಗ, ಸಸ್ಪೆನ್ಷನ್ ಹಿಡಿಯುವ ಜಾಗ, ಜಾಕ್ ಕೊಡುವ ಅಂಚು ಕೊಳೆತಿದ್ದರೆ ಮಾತ್ರ ಅದು ಮನೆಯ ಕೆಲಸವಲ್ಲ. ಬಲ್ಲ ಟಿಂಕರನ ಕೈಗೇ ಕೊಡಬೇಕು. ಪುಟ್ಟಿ ಮೆತ್ತಿ ಪೇಂಟು ಹೊಡೆದರೆ ಕಣ್ಣಿಗೆ ಮುಚ್ಚುತ್ತದೆ, ಅಪಘಾತದ ಹೊತ್ತಿಗೆ ಬಾಯಿ ಬಿಡುತ್ತದೆ.

ಈ ವಿದ್ಯೆಯನ್ನು ನಾನು ಹೆಚ್ಚಾಗಿ ಕಲಿತದ್ದು ಮಲ್ಪೆಯ ಧಕ್ಕೆಯಲ್ಲಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳ ದುರಸ್ತಿ, ಬಲೆಗಳ ದುರಸ್ತಿ, ಎಂಜಿನ್ನಿನ ದುರಸ್ತಿ. ಅಲ್ಲಿ ಕೆಲಸ ಮಾಡುವವರಿಗೆ ಉಪ್ಪುನೀರಿನ ಜೊತೆ ದಿನನಿತ್ಯದ ವ್ಯವಹಾರ. ಯಾವ ಬೋಲ್ಟು ಹಿಡಿದು ಕೂತರೆ ಏನು ಹಾಕಿ ಎಷ್ಟು ಹೊತ್ತು ಬಿಡಬೇಕು, ಎಲ್ಲಿ ಗ್ರೀಸ್ ಮೆತ್ತಿಯೇ ಬೋಲ್ಟು ಕಟ್ಟಬೇಕು, ಇವನ್ನೆಲ್ಲ ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಹಿಂದೆ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು.

ಈ ಗೇರುಸಿಪ್ಪೆಯ ಎಣ್ಣೆಯ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಕಾರ್ಕಳದ ಸುತ್ತ ಗೇರುಬೀಜದ ಕಾರ್ಖಾನೆಗಳು ಎಷ್ಟಿವೆಯೆಂದು ನಿಮಗೆ ಗೊತ್ತೇ ಇದೆ. ತಿರುಳು ಡಬ್ಬಿ ಸೇರಿ ಪರದೇಶಕ್ಕೆ ಹೋದರೆ ಸಿಪ್ಪೆಯಿಂದ ಕಪ್ಪು ಎಣ್ಣೆ ತೆಗೆಯುತ್ತಾರೆ, ಚರ್ಮಕ್ಕೆ ತಾಗಿದರೆ ಸುಡುವಂಥದ್ದು. ಅದನ್ನು ರಾಳವಾಗಿ ಗಟ್ಟಿ ಮಾಡಿ, ಪುಡಿ ಮಾಡಿ, ಬ್ರೇಕ್ ಲೈನಿಂಗಿನ ಮಿಶ್ರಣಕ್ಕೆ ಸೇರಿಸುವುದು ಬಹುಕಾಲದ ಪದ್ಧತಿ. ಶಾಖ ತಡೆಯಲು, ಬ್ರೇಕಿನ ಕಿರುಚಾಟ ತಗ್ಗಿಸಲು ಅದು ನೆರವಾಗುತ್ತದೆ. ಜಗತ್ತಿನ ಎಷ್ಟೋ ಕಾರುಗಳು ಇಳಿಜಾರಿನಲ್ಲಿ ನಿಲ್ಲುವುದರ ಹಿಂದೆ ಗೇರುಮರದ್ದೊಂದು ಪಾಲಿದೆ! ಇದನ್ನು ಮೊದಲು ಓದಿದ ದಿನ ನಾನು ತೋಟದ ಗೇರುಮರಗಳನ್ನು ಹೊಸ ಗೌರವದಿಂದ ನೋಡಿದೆ.

ನನ್ನ ಕಾರಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ಮು. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಬ್ರೇಕ್ ಆಯಿಲನ್ನು ನಮ್ಮ ಕಡೆ ಯಾರೂ ಬದಲಿಸುವುದೇ ಇಲ್ಲ, ಕಡಿಮೆಯಾದಾಗ ತುಂಬಿಸುತ್ತಾರೆ ಅಷ್ಟೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಹೀರಿದಷ್ಟೂ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಸಪಾಟು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು ಇಳಿಯುವಾಗ ಪೆಡಲು ನೆಲಕ್ಕೆ ಹೋಗಿ ಕೂತರೆ? ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಗಾಳಿ ತೆಗೆಸಿಬಿಡಿ. ದುಡ್ಡು ಉಳಿಸುವ ಜಾಗ ಇದಲ್ಲ.

ಕಾರಿನ ಅಡಿಗೆ ನುಸುಳುವ ಮುಂಚೆ ಇನ್ನೊಂದು ಮಾತು. ನಮ್ಮ ಅಂಗಳದಲ್ಲಿ ಸುಲಭಕ್ಕೆ ಸಿಗುವುದು ಮುರಕಲ್ಲು. ಜಾಕಿನಲ್ಲಿ ಕಾರೆತ್ತಿ ಮುರಕಲ್ಲಿನ ಮೇಲೆ ಕೂರಿಸಿ ಅಡಿಗೆ ಹೋಗುವವರನ್ನು ಕಂಡಿದ್ದೇನೆ, ಎದೆ ಝಲ್ಲೆನ್ನುತ್ತದೆ. ಮನೆ ಕಟ್ಟಲು ಅದು ಒಳ್ಳೆಯ ಕಲ್ಲು, ಆದರೆ ಒಂದು ಬಿಂದುವಿನಲ್ಲಿ ಭಾರ ಬಿದ್ದರೆ ಸೀಳಬಹುದು. ಸಿಮೆಂಟಿನ ಟೊಳ್ಳು ಇಟ್ಟಿಗೆಯೂ ಹಾಗೆಯೇ. ಉಕ್ಕಿನ ಸ್ಟ್ಯಾಂಡು ಒಂದು ಜೋಡಿ ಕೊಳ್ಳಿ. ಹಟ್ಟಿಯ ಇಳಿಜಾರಿನಲ್ಲಿ ನಾನು ಕಾರು ಎತ್ತುವುದಿಲ್ಲ. ಅಂಗಳದ ಸಮತಟ್ಟಿಗೆ ತಂದೇ ಎತ್ತುತ್ತೇನೆ.

ಬಿಚ್ಚುವ ಕೆಲಸಕ್ಕೆ ನನ್ನ ಆದರ್ಶ ಮಣಿಪಾಲದ ವಿಜಯನಾಥ ಶೆಣೈ. ಉರುಳಿಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು, ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದ ಬ್ಯಾಂಕ್ ಉದ್ಯೋಗಿ ಅವರು. ಕುಕನೂರಿನ ಕಮಲ್ ಮಹಲ್ ಅಲ್ಲಿದೆ, ಹರ್ಕೂರಿನ ಮನೆ ಅಲ್ಲಿದೆ. ಕಂಬ, ತೊಲೆ, ಬಾಗಿಲು ಎಲ್ಲಿದ್ದವೋ ಅಲ್ಲೇ ಕೂರಬೇಕಾದರೆ ಬಿಚ್ಚುವಾಗಲೇ ಎಷ್ಟು ಎಚ್ಚರ ಇರಬೇಕು! ಕಾರ್ಬುರೇಟರ್ ಬಿಚ್ಚುವವನಿಗೂ ಅದೇ ಶಿಸ್ತು ಬೇಕು. ಮೊಬೈಲಿನಲ್ಲಿ ಪ್ರತಿ ಹಂತದ ಚಿತ್ರ, ಬೋಲ್ಟುಗಳಿಗೆ ಹೆಸರು ಬರೆದ ಐಸ್‌ಕ್ರೀಮ್ ಡಬ್ಬಿಗಳು.

ಕಾರ್ಬುರೇಟರಿಗೆ ಈಗ ಹೊಸ ಪರೀಕ್ಷೆಯೂ ಎದುರಾಗಿದೆ. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಯಿತು. ಹಳೆಯ ಕಾರಿನ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳು ಅದಕ್ಕೆಂದು ಮಾಡಿದವಲ್ಲ; ಎಥೆನಾಲೋ, ತೇವ ಕಂಡರೆ ಸೆಳೆದುಕೊಳ್ಳುವಂಥದ್ದು. ನಾನು ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಾಳುವಂಥವಕ್ಕೆ ಬದಲಿಸಿದೆ. ತಿಂಗಳುಗಟ್ಟಲೆ ಒಂದೇ ಪೆಟ್ರೋಲನ್ನು ಟ್ಯಾಂಕಿಯಲ್ಲಿ ಇಡುವುದಿಲ್ಲ, ವಾರಕ್ಕೊಮ್ಮೆಯಾದರೂ ಕಟಪಾಡಿಯವರೆಗೆ ಓಡಿಸಿ ಬರುತ್ತೇನೆ. ಉಳಿದಂತೆ ಎಂಜಿನ್ ನನಗೆ ತೊಂದರೆ ಕೊಟ್ಟದ್ದಿಲ್ಲ. ಹೊತ್ತಿಗೆ ಸರಿಯಾಗಿ ಆಯಿಲು, ಪ್ಲಗ್ಗಿನ ಸಂದು 0.8 ಮಿಲಿಮೀಟರ್, ಟೈಮಿಂಗ್ ಬೆಲ್ಟು, ರೇಡಿಯೇಟರಿಗೆ ಬಾವಿ ನೀರಿನ ಬದಲು ಕೂಲೆಂಟು. ಕಡಲ ಬದಿಯ ಬಾವಿಗಳು ಬೇಸಗೆಯಲ್ಲಿ ಉಪ್ಪಾಗುವುದನ್ನು ಬಲ್ಲವರು ಆ ನೀರನ್ನು ರೇಡಿಯೇಟರಿಗೆ ಹೊಯ್ಯಲಾರರು.

ತುಕ್ಕು, ಪೇಂಟಿನ ಕೆಲಸಕ್ಕೆ ನಮ್ಮಲ್ಲಿ ಕಾಲವೂ ನಿಗದಿಯಾಗಿದೆ. ಮಳೆಗಾಲದಲ್ಲಿ ಪೇಂಟು ಒಣಗುವುದಿಲ್ಲ, ಒಣಗಿದಂತೆ ಕಂಡರೂ ಅಡಿಯಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ ಶುರುಮಾಡಿದರೆ, ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು ಮುಗಿಸಬೇಕು. ನಡುವೆ ಬಯಲಾಟ ನೋಡಲು ಹೋಗುವುದಕ್ಕೆ ಕಾರೂ ಬೇಕಲ್ಲ! ರಾತ್ರಿ ಹತ್ತಕ್ಕೆ ಬೆಳ್ಮಣ್ ಕಡೆಯ ಗದ್ದೆಯ ಪಕ್ಕ ನಿಲ್ಲಿಸಿ, ಬೆಳಿಗ್ಗೆ ಇಬ್ಬನಿ ಒರೆಸಿ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ನನ್ನ ಲೆಕ್ಕದಲ್ಲಿ ದುರಸ್ತಿಯ ಗುಣಕ್ಕೆ ಅದೇ ಪರೀಕ್ಷೆ.

ಇನ್ನುಳಿದದ್ದು ಸರಕಾರದ ಲೆಕ್ಕ. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ ಐದು ಸಾವಿರವಾಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಹತ್ತು ಸಾವಿರ ಮಾಡಿದರು. ಜೊತೆಗೆ ಹಸಿರು ತೆರಿಗೆ, ವಿಮೆ, ಹೊಗೆ ಪರೀಕ್ಷೆ. ಹೊಗೆ ಕಾರುವ, ಬ್ರೇಕಿಲ್ಲದ ಕಾರು ರಸ್ತೆಗೆ ಬರಬಾರದೆಂಬುದು ನ್ಯಾಯವೇ. ಆದರೆ ಚೆನ್ನಾಗಿ ನೋಡಿಕೊಂಡ ಪುಟ್ಟ ಕಾರಿಗೂ ಬಿಟ್ಟುಬಿಟ್ಟ ಕಾರಿಗೂ ವಯಸ್ಸೊಂದನ್ನೇ ನೋಡಿ ಒಂದೇ ದರ ಹಾಕುವುದು ನನಗೆ ಸರಿಕಾಣುವುದಿಲ್ಲ. ತಪಾಸಣೆ ಇನ್ನೂ ಬಿಗಿಯಾಗಲಿ, ಕಾರನ್ನು ಎತ್ತಿ ಅಡಿ ನೋಡಲಿ, ಬ್ರೇಕು ಅಳೆಯಲಿ. ಪಾಸಾದವನಿಗೆ ಶುಲ್ಕ ಇಳಿಸಲಿ.

ಈ ವರ್ಷದ ಪಿಗ್ಮಿಯಲ್ಲಿ ಹಿಂದಿನ ಎರಡು ಟಯರು ಬಂದವು. ತಯಾರಾದ ವಾರ, ವರ್ಷವನ್ನು ಸೂಚಿಸುವ ನಾಲ್ಕಂಕಿಯನ್ನು ಬದಿಯಲ್ಲಿ ಓದಿಯೇ ಕೊಂಡೆ. ಎಡಬದಿಯ ಬಾಗಿಲಿನ ರಬ್ಬರ್ ಬೀಡಿಂಗ್ ಬಿರಿದಿದೆ, ಅಲ್ಲಿಂದ ನೀರು ಒಳಗೆ ಬರಬಹುದು. ಕಾರ್ಕಳದ ಗುಜರಿಯಲ್ಲಿ ಒಂದು ಚೆನ್ನಾಗಿರುವುದು ಇದೆಯಂತೆ, ಭಾನುವಾರ ಹೋಗಿ ನೋಡಬೇಕು.