ಉಮ್ಮನ ಧ್ವನಿಗೆ ಇನ್ನೊಂದು ಪ್ರತಿ ಇತ್ತೇ?

ಓದುಗ ಸಹೋದರಿಯರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಏನೇನಿದೆಯೆಂದು ಎಂದಾದರೂ ಕುಳಿತು ಲೆಕ್ಕ ಹಾಕಿದ್ದೀರಾ? ಮಕ್ಕಳ ಅಂಕಪಟ್ಟಿ, ಜಾಗದ ಆರ್‌ಟಿಸಿಯ ಸ್ಕ್ಯಾನ್, ಎಲ್ಲರ ಪಾಸ್‌ಪೋರ್ಟ್ ಪ್ರತಿ, ಮದುವೆಯ ಫೋಟೋಗಳು. ಹಿಂದೆ ಇವೆಲ್ಲ ಕಪಾಟಿನೊಳಗಿನ ತಗಡಿನ ಪೆಟ್ಟಿಗೆಯಲ್ಲಿರುತ್ತಿದ್ದವು. ಪೆಟ್ಟಿಗೆಗೆ ಬೀಗವಿತ್ತು, ಬೀಗದ ಕೈ ಉಮ್ಮನ ಸೆರಗಿನಲ್ಲಿತ್ತು. ಈಗಿನ ಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆ?

ಈ ಪ್ರಶ್ನೆ ನನಗೆ ಹೊಳೆದದ್ದು ತೀರಾ ತಡವಾಗಿ. ನನ್ನ ತಪ್ಪನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ, ನಿಮಗಾದರೂ ಉಪಕಾರವಾಗಲಿ ಎಂದು.

ಉಮ್ಮ ತೀರಿಕೊಳ್ಳುವ ಮೊದಲಿನ ಎರಡು ತಿಂಗಳಲ್ಲಿ ಅವರ ಮಾತುಗಳನ್ನು ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಒಟ್ಟು ಹದಿನಾಲ್ಕು. ಒಂದರಲ್ಲಿ ಅವರ ಬಾಲ್ಯ, ಇನ್ನೊಂದರಲ್ಲಿ ಮದುವೆಯ ದಿನ ಬಂದ ಮಳೆ, ಮತ್ತೊಂದರಲ್ಲಿ ನೈಪತ್ತಲ್ ಮಾಡುವ ಕ್ರಮ. ಹನ್ನೊಂದನೆಯದು ಮಾತ್ರ ಬೇರೆ ತರಹದ್ದು. ಅದರಲ್ಲಿ ಉಮ್ಮ ತಾನು ಕೊಡಬೇಕಾಗಿದ್ದ ಮೂರು ಸಾಲಗಳನ್ನು ಒಂದೊಂದಾಗಿ ಹೇಳಿದ್ದರು. ಎರಡು ಊರಿನವರದ್ದೇ. ಅವನ್ನು ನಾವು ಮಕ್ಕಳು ಸೇರಿ ವಾರದೊಳಗೆ ತೀರಿಸಿದೆವು. ಮೂರನೆಯದು, ಬಹಳ ವರ್ಷಗಳ ಹಿಂದೆ ನೆರೆಮನೆಯಲ್ಲಿದ್ದು ಬೇರೆ ಊರಿಗೆ ಹೋದ ಒಬ್ಬ ಮಹಿಳೆಯದು. ಅವರ ಹೆಸರು, ಮಗನ ಹೆಸರು, ಊರು ಎಲ್ಲವನ್ನೂ ಉಮ್ಮ ನಿಧಾನವಾಗಿ ಹೇಳಿದ್ದರು. ಮಕ್ಕಳಿಗೆ ಶಾಲೆಗೆ ರಜೆ ಸಿಕ್ಕಿದಾಗ ಹುಡುಕಿದರಾಯಿತು ಎಂದು ನಾನು ಸುಮ್ಮನಾದೆ. ರೆಕಾರ್ಡಿಂಗ್ ಇದೆಯಲ್ಲ ಎಂಬ ಧೈರ್ಯ.

ಫೋನಿನಲ್ಲಿ ಜಾಗ ಸಾಲದೆ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸಿದೆ. ಕಂಪ್ಯೂಟರಿನ ಫೋಲ್ಡರ್‌ಗಳು ಕ್ಲೌಡ್‌ಗೆ ತಾವಾಗಿಯೇ ಹೋಗುವಂತೆ ಮಗ ಮಾಡಿಕೊಟ್ಟಿದ್ದ. “ಇನ್ನು ಕಂಪ್ಯೂಟರ್ ಸುಟ್ಟುಹೋದರೂ ಹೆದರಿಕೆಯಿಲ್ಲ” ಎಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಕಂಪ್ಯೂಟರ್ ಸುಡಲಿಲ್ಲ. ಸುಟ್ಟದ್ದು ನನ್ನ ಕೈ.

ಒಂದು ದಿನ ಕ್ಲೌಡ್‌ನ ಉಚಿತ ಜಾಗ ತುಂಬಿತೆಂದು ಸೂಚನೆ ಬಂತು. ಹಳೆಯ, ಬೇಡದ ಫೋಲ್ಡರ್‌ಗಳನ್ನು ಹುಡುಕಿ ಹುಡುಕಿ ಅಳಿಸಿದೆ. ‘ಫೋನ್ ಹಳೆಯದು’ ಎಂದು ಹೆಸರಿದ್ದ ಫೋಲ್ಡರ್ ಕೂಡ ಹೋಯಿತು. ಮನೆ ಗುಡಿಸಿದ ಮೇಲೆ ಕಸದ ಬುಟ್ಟಿಯನ್ನೂ ಖಾಲಿ ಮಾಡುವ ಅಭ್ಯಾಸವಲ್ಲವೇ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಮೂರು ತಿಂಗಳ ಮೇಲೆ ರಮಝಾನ್ ಬಂತು. ಒಂದು ರಾತ್ರಿ ತರಾವೀಹ್ ಮುಗಿಸಿ ಕುಳಿತಾಗ ಉಮ್ಮನ ಧ್ವನಿ ಕೇಳಬೇಕೆನಿಸಿತು. ಕಂಪ್ಯೂಟರಿನಲ್ಲಿ ಇಲ್ಲ. ಕ್ಲೌಡ್‌ನಲ್ಲಿಯೂ ಇಲ್ಲ.

ಆಗ ನನಗೆ ಅರ್ಥವಾದ ಮೊದಲ ಪಾಠ ಇದು: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಎಂದರೆ ಕನ್ನಡಿ. ನೀವು ಬಳೆ ತೊಟ್ಟರೆ ಅದೂ ತೊಡುತ್ತದೆ, ಕಳಚಿದರೆ ಅದೂ ಕಳಚುತ್ತದೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕ್ಲೌಡ್‌ನ ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿಯುವುದು ನಿಜ. ಆದರೆ ಗೂಗಲ್ ಡ್ರೈವ್‌ನಲ್ಲಾಗಲಿ ಸಾಮಾನ್ಯ ಒನ್‌ಡ್ರೈವ್ ಖಾತೆಯಲ್ಲಾಗಲಿ ಆ ಅವಧಿ 30 ದಿನ ಮಾತ್ರ. ನನಗೆ ನೆನಪಾದದ್ದು ಮೂರು ತಿಂಗಳಿಗೆ.

ರಿಪೇರಿಯವರಲ್ಲಿಗೆ ಓಡಿದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಪ್ರಯತ್ನಿಸಬಹುದಿತ್ತು, ಇದು ಎಸ್‌ಎಸ್‌ಡಿ, ಅಳಿಸಿದ ಜಾಗವನ್ನು ಅದು ಹಿನ್ನೆಲೆಯಲ್ಲಿ ತಾನೇ ಒರೆಸಿಬಿಡುತ್ತದೆ ಎಂದರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಧ್ವನಿ ಹೋದ ದುಃಖ ಒಂದು ಕಡೆ. ಸಾಲ ತೀರಿಸದೆ ಉಮ್ಮನನ್ನು ಸಿಕ್ಕಿಸಿಬಿಟ್ಟೆನಲ್ಲ ಎಂಬ ಭಯ ಇನ್ನೊಂದು ಕಡೆ. ಆಸ್ತಿ ಹಂಚುವ ಮೊದಲು ಮೃತರ ಸಾಲ ತೀರಿಸಬೇಕೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಮರುದಿನ ದಮ್ಮಾಮ್‌ನಲ್ಲಿರುವ ತಂಗಿಗೆ ಫೋನ್ ಮಾಡಿ ಅತ್ತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕಾ, ಉಮ್ಮ ಹೋದಾಗ ಊರಿಗೆ ಬಂದಿದ್ದೆನಲ್ಲ, ನಿನ್ನ ಕಂಪ್ಯೂಟರಿನಿಂದ ಪೆನ್‌ಡ್ರೈವ್‌ಗೆ ಏನೋ ಹಾಕಿಕೊಂಡಿದ್ದೆ, ನೋಡುತ್ತೇನೆ” ಎಂದಳು. ಹದಿನಾಲ್ಕರಲ್ಲಿ ಒಂಬತ್ತು ಅದರಲ್ಲಿದ್ದವು. ಹನ್ನೊಂದನೆಯದೂ ಇತ್ತು, ಅಲ್‌ಹಮ್ದುಲಿಲ್ಲಾಹ್. ಈದ್‌ಗೆ ಮೊದಲೇ ಆ ಮಹಿಳೆಯ ಮಗನನ್ನು ಹುಡುಕಿ ಹಣ ಮುಟ್ಟಿಸಿದೆವು. ಉಳಿದ ಐದು ಹೋದದ್ದು ಹೋಯಿತು. ನನ್ನ ಚಿಕ್ಕಂದಿನ ಹೆಸರಿನಿಂದ ಉಮ್ಮ ನನ್ನನ್ನು ಕರೆದದ್ದು ಅವುಗಳಲ್ಲಿ ಒಂದರಲ್ಲಿತ್ತು.

ಆರಿಸುವ ಮೊದಲು ಐದು ಪ್ರಶ್ನೆ

ಆ ಬಳಿಕ ಬ್ಯಾಕಪ್‌ಗೆಂದು ಸಾಫ್ಟ್‌ವೇರ್ ಹುಡುಕಲು ಕುಳಿತೆ. ಒಂದೊಂದರ ಹೊಗಳಿಕೆ ಓದಿದರೆ ಎಲ್ಲವೂ ಒಳ್ಳೆಯವೇ. ಕೊನೆಗೆ ಸೊಸೆಯನ್ನು ನೋಡಲು ಹೋಗುವವರಂತೆ ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡೆ.

ಮೊದಲನೆಯದು, ನಾನು ಅಳಿಸಿದ್ದನ್ನು ಇದು ಉಳಿಸುತ್ತದೆಯೇ? ಫ್ರೀಫೈಲ್‌ಸಿಂಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ‘ಮಿರರ್’ ಎಂಬುದನ್ನು ಆರಿಸಿದರೆ ಕನ್ನಡಿಯ ಕತೆಯೇ. ಇಲ್ಲಿ ಅಳಿಸಿದ್ದು ಮುಂದಿನ ಸಲ ಅಲ್ಲಿಯೂ ಅಳಿಯುತ್ತದೆ. ‘ಅಪ್‌ಡೇಟ್’ ಆರಿಸಿದರೆ ಹೊಸತನ್ನು, ಬದಲಾದದ್ದನ್ನು ಮಾತ್ರ ಸೇರಿಸುತ್ತದೆ, ಅಳಿಸುವುದಿಲ್ಲ. ಒಂದೇ ಸಾಫ್ಟ್‌ವೇರ್, ಒಂದು ಆಯ್ಕೆಯಲ್ಲಿ ರಕ್ಷಣೆ, ಇನ್ನೊಂದರಲ್ಲಿ ನಷ್ಟ.

ಎರಡನೆಯದು, ಆ ಸಾಫ್ಟ್‌ವೇರ್ ಇಲ್ಲದೆಯೂ ನನ್ನ ಫೈಲ್ ತೆರೆಯಬಹುದೇ? ಕಂಪೆನಿಗಳು ಶಾಶ್ವತವಲ್ಲ. ಮನೆಬಳಕೆಗೆ ಹೆಸರಾಗಿದ್ದ ಕ್ರ್ಯಾಶ್‌ಪ್ಲಾನ್, ಮನೆಯವರಿಗಾಗಿನ ಸೇವೆಯನ್ನು ನಿಲ್ಲಿಸುವುದಾಗಿ 2017ರಲ್ಲಿ ಹೇಳಿ 2018ರಲ್ಲಿ ನಿಲ್ಲಿಸಿಯೇಬಿಟ್ಟಿತು. ಬಹಳ ಮಂದಿ ಬಳಸುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಆರಂಭದಿಂದ ಬೆಂಬಲವಿಲ್ಲ. ಡುಪ್ಲಿಕಾಟಿಯಂತಹವು ಫೈಲ್‌ಗಳನ್ನು ತುಂಡು ಮಾಡಿ, ಬೀಗ ಹಾಕಿ ಇಡುತ್ತವೆ. ಅದು ಭದ್ರವೇ. ಆದರೆ ತೆರೆಯಲು ಅದೇ ಸಾಫ್ಟ್‌ವೇರಿನ ಕಡೆ ಹೋಗಬೇಕು. ನನ್ನ ಮೊಮ್ಮಕ್ಕಳು ಉಮ್ಮನ ಮಾತು ಕೇಳಬೇಕಾದರೆ ಡಿಸ್ಕ್ ಸಿಕ್ಕಿಸಿ ಫೋಲ್ಡರ್ ತೆರೆದರೆ ಸಾಕು ಎಂಬಂತಿರಬೇಕೆಂದು ನನಗನಿಸಿತು.

ಮೂರನೆಯದು, ನನ್ನ ನೆನಪಿನ ಹಂಗಿಲ್ಲದೆ ಇದು ನಡೆಯುತ್ತದೆಯೇ? ಅಡುಗೆ, ಮಕ್ಕಳು, ಮದ್ರಸದ ಲೆಕ್ಕ ಇವುಗಳ ನಡುವೆ ಪ್ರತಿದಿನ ಕಾಪಿ ಮಾಡುತ್ತೇನೆ ಎಂಬ ನಿರ್ಧಾರ ಹದಿನೈದು ದಿನ ಉಳಿದರೆ ದೊಡ್ಡದು.

ನಾಲ್ಕನೆಯದು, ಬೀಗದ ಮಾತು. ಬ್ಯಾಕಪ್‌ಗೆ ಪಾಸ್‌ವರ್ಡ್ ಹಾಕಿ ಅದನ್ನು ಮರೆತರೆ ಆ ಬೀಗ ಒಡೆಯಲು ಯಾರಿಂದಲೂ ಆಗದು. ಆದ್ದರಿಂದ ಪಾಸ್‌ಪೋರ್ಟ್, ಬ್ಯಾಂಕಿನ ಕಾಗದಗಳಿಗೆ ಮಾತ್ರ ಬೀಗ ಹಾಕಿದೆ. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಚಿನ್ನವಿಡುವ ಕಪಾಟಿನಲ್ಲಿಟ್ಟು ಪತಿಗೂ ಹೇಳಿದ್ದೇನೆ.

ಐದನೆಯದೇ ಮುಖ್ಯ. ಇಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಸುಲಭವೇ? ಸಾಫ್ಟ್‌ವೇರ್ ಹಾಕಿಸಿದ ದಿನವೇ ಬೇಡದ ಒಂದು ಫೈಲ್ ಅಳಿಸಿ, ವಾಪಸ್ ತಂದು, ತೆರೆದು ನೋಡಿ. ಬಾರದಿದ್ದರೆ ಅದು ಬ್ಯಾಕಪ್ ಅಲ್ಲ, ಬರೀ ಸಮಾಧಾನ.

ನಾನು ಆರಿಸಿದ್ದು

ಹುಡುಕಿ ಸುಸ್ತಾದ ಮೇಲೆ ತಿಳಿದದ್ದು, ನನಗೆ ಬೇಕಾದದ್ದು ಕಂಪ್ಯೂಟರಿನೊಳಗೇ ಇತ್ತು. ವಿಂಡೋಸ್‌ನಲ್ಲಿ 2012ರಿಂದ ಫೈಲ್ ಹಿಸ್ಟರಿ ಎಂಬುದಿದೆ. ವಿಂಡೋಸ್ 11ರಲ್ಲಿ ಅದು ಕಂಟ್ರೋಲ್ ಪ್ಯಾನೆಲ್‌ನೊಳಗೆ ಅಡಗಿ ಕುಳಿತಿದೆ. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ ಇದನ್ನು ಆನ್ ಮಾಡಿದರೆ, ಬೇರೇನೂ ಬದಲಿಸದಿದ್ದರೆ, ಗಂಟೆಗೊಮ್ಮೆ ಬದಲಾದ ಫೈಲ್‌ಗಳ ಪ್ರತಿ ತೆಗೆಯುತ್ತದೆ, ಹಳೆಯ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ. ಫೈಲಿನ ಹೆಸರಿನ ಕೊನೆಗೆ ದಿನಾಂಕ, ಸಮಯ ಸೇರಿಸಿ ಮಾಮೂಲಿ ಫೈಲಾಗಿಯೇ ಇಡುವುದರಿಂದ ಬೇರೆ ಕಂಪ್ಯೂಟರಿನಲ್ಲಿಯೂ ತೆರೆಯಬಹುದು. ಒಂದು ಎಚ್ಚರಿಕೆ: ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂತಹ ಜಾಗಗಳನ್ನಷ್ಟೇ ಅದು ನೋಡುತ್ತದೆ. ‘ಡಿ’ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಇದ್ದರೆ ಅದನ್ನು ನಾವೇ ಲೈಬ್ರರಿಗೆ ಸೇರಿಸಬೇಕು. ಆಪಲ್ ಕಂಪ್ಯೂಟರ್ ಇರುವವರಿಗೆ 2007ರಿಂದಲೇ ಟೈಮ್ ಮೆಷೀನ್ ಇದೆ, ಕೆಲಸ ಹೆಚ್ಚುಕಡಿಮೆ ಇದೇ. ಇನ್ನೂ ವಿಂಡೋಸ್ 10 ಬಳಸುವವರು ಒಂದು ವಿಷಯ ನೆನಪಿಡಿ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಕಪ್‌ನ ಅಗತ್ಯ ನಿಮಗೇ ಹೆಚ್ಚು.

ಡಿಸ್ಕನ್ನು ಸದಾ ಸಿಕ್ಕಿಸಿ ಇಡಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬುದು ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿದ್ದು ನಿಮಗೆ ನೆನಪಿರಬಹುದು. ಅಂತಹವು ಹೊಕ್ಕರೆ ಸಿಕ್ಕಿಸಿಟ್ಟ ಡಿಸ್ಕಿನ ಫೈಲ್‌ಗಳೂ ಹೋಗುತ್ತವೆ. ನಾನು ಗುರುವಾರ ರಾತ್ರಿ ಡಿಸ್ಕ್ ಸಿಕ್ಕಿಸುತ್ತೇನೆ, ಶುಕ್ರವಾರ ಬೆಳಿಗ್ಗೆ ತೆಗೆದಿಡುತ್ತೇನೆ. ಇನ್ನೊಂದು ಡಿಸ್ಕ್ ತಮ್ಮನ ಮನೆಯಲ್ಲಿದೆ. ತಿಂಗಳಿಗೊಮ್ಮೆ ಹೋದಾಗ ಅದಲು ಬದಲು ಮಾಡುತ್ತೇವೆ. ಬಲ್ಲವರು ಇದನ್ನು 3-2-1 ಎನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯ ಹೊರಗೆ. ತಂಗಿಯ ಪೆನ್‌ಡ್ರೈವ್ ಗೊತ್ತಿಲ್ಲದೆಯೇ ಆ ‘ಒಂದು’ ಆಗಿತ್ತು.

ಯೋಚಿಸಿದರೆ ಇದು ನಮಗೆ ಹೊಸ ಪಾಠವಲ್ಲ. ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕರು ಹುತಾತ್ಮರಾದಾಗ ಹ. ಉಮರ್(ರ) ಕಳವಳಗೊಂಡರು. ಹ. ಅಬೂಬಕರ್(ರ) ಅದನ್ನು ಒಂದೆಡೆ ಸಂಗ್ರಹಿಸಲು ಹ. ಝೈದ್ ಬಿನ್ ಸಾಬಿತ್(ರ)ರಿಗೆ ಒಪ್ಪಿಸಿದರು. ಮುಂದೆ ಹ. ಉಸ್ಮಾನ್(ರ) ಪ್ರತಿಗಳನ್ನು ಮಾಡಿಸಿ ಬೇರೆ ಬೇರೆ ಪ್ರಾಂತಗಳಿಗೆ ಕಳಿಸಿದರು. ಹೃದಯದಲ್ಲಿಯೂ ಇತ್ತು, ಬರಹದಲ್ಲಿಯೂ ಇತ್ತು, ಹಲವು ಊರುಗಳಲ್ಲಿಯೂ ಇತ್ತು. ರಕ್ಷಿಸುವವನು ಅಲ್ಲಾಹನೇ. ಆದರೂ ಆ ಮಹನೀಯರು ತಮ್ಮ ಪಾಲಿನ ಶ್ರಮವನ್ನು ಬಿಡಲಿಲ್ಲ.

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್‌ಬಕರ ಅಧ್ಯಾಯದ 282ನೆಯದು. ಅದು ಸಾಲವನ್ನು ಬರೆದಿಡುವ ಬಗ್ಗೆ, ಸಾಕ್ಷಿಗಳನ್ನಿಡುವ ಬಗ್ಗೆ. ಚಿಕ್ಕಂದಿನಿಂದ ಓದಿದ್ದೆ. ಹನ್ನೊಂದನೆಯ ರೆಕಾರ್ಡಿಂಗ್ ಕಳೆದುಕೊಂಡ ರಾತ್ರಿಯೇ ಅದು ನನಗೆ ಅರ್ಥವಾದದ್ದು. ಈಗ ಕೊಡುಕೊಳ್ಳುವ ಲೆಕ್ಕವೆಲ್ಲ ಒಂದು ಡೈರಿಯಲ್ಲಿದೆ, ಅದರ ಫೋಟೋ ಎರಡು ಡಿಸ್ಕಿನಲ್ಲಿದೆ, ವಿಷಯ ಮಗಳಿಗೂ ಗೊತ್ತಿದೆ.

ಈ ಸಂಚಿಕೆಯನ್ನು ಮಡಚಿಡುವ ಮೊದಲು ಒಂದು ಕೆಲಸ ಮಾಡಿ. ಕಳೆದರೆ ಮತ್ತೆಂದೂ ಸಿಗದಂತಹ ಒಂದು ಫೈಲ್ ಯಾವುದೆಂದು ಯೋಚಿಸಿ. ಅದರ ಎರಡನೆಯ ಪ್ರತಿ ಎಲ್ಲಿದೆಯೆಂದು ಹುಡುಕಿ. ಸಿಗದಿದ್ದರೆ ಇಂದೇ ಒಂದು ಪೆನ್‌ಡ್ರೈವ್‌ಗಾದರೂ ಹಾಕಿ. ಸಾಫ್ಟ್‌ವೇರ್ ನಾಳೆ ಆರಿಸಿದರೂ ಆದೀತು.

ನಾನು ಪ್ರತಿ ತಿಂಗಳ ಮೊದಲ ಶನಿವಾರ ಡಿಸ್ಕಿನಿಂದ ಒಂದು ಫೈಲ್ ತೆರೆದು ಪರೀಕ್ಷಿಸುತ್ತೇನೆ. ಹೆಚ್ಚಾಗಿ ಅದು ಮದುವೆಯ ದಿನದ ಮಳೆಯ ಕತೆಯೇ ಆಗಿರುತ್ತದೆ. ಉಮ್ಮ ನಗುತ್ತಾ ಹೇಳುತ್ತಾರೆ, ಅಡುಗೆಮನೆಯಿಂದ ಮಗಳು ಬಂದು ಪಕ್ಕದಲ್ಲಿ ಕೂರುತ್ತಾಳೆ. ಪರೀಕ್ಷೆ ಮುಗಿದರೂ ನಾವು ಕೊನೆಯವರೆಗೆ ಕೇಳುತ್ತೇವೆ.